ಗೇಣು ಮಣ್ಣಿನ ಮೇಲೆ ಆಳೆತ್ತರದ ಹೂವು

ಆಗ ನನಗೆ ಹನ್ನೆರಡು ವರ್ಷ. ಈ ಮಾತಿಗೆ ಅರವತ್ತು ವರ್ಷ ದಾಟಿತು. ಖಾನಾಪುರದ ನಮ್ಮ ಮನೆಯ ಹಿತ್ತಲಲ್ಲಿ ಮಣ್ಣು ಇದ್ದದ್ದು ಒಂದೇ ಗೇಣು. ಅದರ ಕೆಳಗೆ ಕೆಂಪು ಕಲ್ಲು. ಹಾರೆ ಹಾಕಿದರೆ ಮೊದಲ ಏಟಿಗೇ ಠಣ್ ಅನ್ನುತ್ತಿತ್ತು, ಮೊಣಕೈ ತನಕ ಜುಮ್ಮೆನ್ನುತ್ತಿತ್ತು. ಆ ಗೇಣು ಮಣ್ಣಿನಲ್ಲಿ ಆಳೆತ್ತರ ಬೆಳೆದು ಹೂ ಬಿಡುವ ಗಿಡ ಯಾವುದು ಎಂದು ಹುಡುಕುವುದರಲ್ಲೇ ನನ್ನ ಅವ್ವನ ಎರಡು ವರ್ಷ ಹೋದವು. ಶೋಕಿಗೆ ಅಲ್ಲ. ತಾನು ಜಳಕ ಮಾಡುವಾಗ ಯಾರೂ ನೋಡಬಾರದು ಎಂಬುದು ಅವಳ ಆಸೆಯಾಗಿತ್ತು, ಅಷ್ಟೇ.

ಮೊನ್ನೆ ಇಲ್ಲಿ ಬೆಳಗಾವಿಯಲ್ಲಿ ಮೊಮ್ಮಗಳು ಅದೇ ಪ್ರಶ್ನೆ ಕೇಳಿದಳು. ಅವರ ಹೊಸ ಮನೆಯ ಕೆಳಗೆ ಗಾಡಿ ನಿಲ್ಲಿಸುವ ಜಾಗ ಮಾಡಿ, ಅದರ ಸ್ಲ್ಯಾಬಿನ ಮೇಲೆ ಒಂದು ಫೂಟು ಮಣ್ಣು ಸುರಿದಿದ್ದಾರೆ. ಅಲ್ಲಿ ಎತ್ತರದ ಹೂವು ಬೇಕಂತೆ. ಮೊಬೈಲಿನಲ್ಲಿ ಒಂದೊಂದೇ ಚಿತ್ರ ತೋರಿಸುತ್ತಿದ್ದಳು. ನಾನು ನೋಡಲೇ ಇಲ್ಲ. ಕರ್ದಳಿ ಹಚ್ಚು, ಎತ್ತರದ ಜಾತಿಯದು, ಗಿಡ್ಡದ್ದಲ್ಲ, ಎಂದೆ.

"ನಿನಗ ಹೆಂಗ ಗೊತ್ತಜ್ಜಿ? ನೀ ಯಾವಾಗ ಗಾರ್ಡನ್ ಮಾಡಿದ್ದಿ?"

ಹೇಳಲಿಲ್ಲ. ಅವಳಿಗೆ ಕೆಲಸಕ್ಕೆ ಹೋಗುವ ಹೊತ್ತಾಗಿತ್ತು. ಇಲ್ಲಿ ಹೇಳುತ್ತೇನೆ.

ನಮ್ಮದು ಮೊದಲು ಒಂದೇ ಮನೆ. ಉದ್ದಕ್ಕೆ ಹಂಚು ಹೊದಿಸಿದ್ದು. ಆಯಿ, ಅಂದರೆ ನಮ್ಮಪ್ಪನ ತಾಯಿ, ಇರುವಾಗಲೇ ಒಲೆ ಎರಡಾಗಿದ್ದವು. ಮೂಡಣ ಭಾಗ ದೊಡ್ಡಪ್ಪನಿಗೆ, ಪಡುವಣ ಭಾಗ ನಮಗೆ. ನಡುವಿನ ಬಾಗಿಲಿಗೆ ಎರಡೂ ಕಡೆಯಿಂದ ಅಗಳಿ ಬಿತ್ತು. ದೊಡ್ಡಪ್ಪನಿಗೆ ಪಡಸಾಲೆ ಬಂತು, ದೇವರ ಖೋಲಿ ಬಂತು, ಹಿಂದುಗಡೆ ಕಟ್ಟೆ ಬಂತು, ಕಟ್ಟೆಗೆ ಹತ್ತಿದ ಬಚ್ಚಲಮನೆ ಬಂತು. ನಮಗೆ ಎರಡು ಖೋಲಿ ಮತ್ತು ಎಮ್ಮೆಯ ಕೊಟ್ಟಿಗೆ ಬಂದವು. ದೊಡ್ಡಪ್ಪ ಹಿರಿಯ, ನಮ್ಮಪ್ಪ ಕಿರಿಯ. ಹಾಗೆ ಪಾಲಾದಾಗ ಅಪ್ಪ ಹೂಂ ಎಂದನಂತೆ. ಅವನು ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತಿದ್ದ. ಮನೆಯಲ್ಲಿಯೂ ಅವನದು ಅದೇ ಕೆಲಸ, ಅಣ್ಣ ತೋರಿಸಿದ ಕಡೆ ತುಳಿಯುವುದು.

ಆಯಿ ಸಾಯುವ ಮುಂದೆ ಇಬ್ಬರೂ ಮಕ್ಕಳನ್ನು ಚಾಪೆಯ ಬಳಿ ಕರೆದಳು. ನಾನು ಕಾಲ ದೆಸೆಯಲ್ಲಿ ಕುಳಿತಿದ್ದೆ, ಅದಕ್ಕೆ ಕೇಳಿದೆ.

"ಒಲಿ ಎರಡಾದುವು, ಆಗಲಿ. ಹಿತ್ತಲಾ ಒಂದ ಇರಬೇಕು. ನಡುವ ಗ್ವಾಡಿ ಏಳಬಾರದು, ಬೇಲಿ ಬರಬಾರದು, ಒಂದು ಮುಳ್ಳಿನ ಕಂಟಿ ಸುದ್ದಾ ಬೀಳಬಾರದು. ನನ್ನ ಎದಿ ಮ್ಯಾಲ ಕೈ ಇಟ್ಟು ಹೇಳ್ರಿ."

ಇಬ್ಬರೂ ಕೈ ಇಟ್ಟರು. ಇಬ್ಬರೂ ಅತ್ತರು. ಆಯಿ ಸತ್ತ ಮೇಲೆ ಊರಲ್ಲಿ ಈ ಮಾತನ್ನು ಹೇಳಿಕೊಂಡು ಬಹಳ ದಿನ ತಿರುಗಿದರು. ಅಣ್ಣ ತಮ್ಮ ಅಂದರೆ ಹೀಗಿರಬೇಕು ಎಂದು ಜನ ಹೊಗಳಿದರು. ಹಿತ್ತಲಲ್ಲಿ ಜಳಕ ಮಾಡುವವರು ಯಾರು ಎಂದು ಆಯಿಯೂ ಯೋಚಿಸಲಿಲ್ಲ, ಕೈ ಇಟ್ಟವರೂ ಯೋಚಿಸಲಿಲ್ಲ, ಹೊಗಳಿದವರೂ ಯೋಚಿಸಲಿಲ್ಲ.

ಮೊದಮೊದಲು ಅವ್ವ ದೊಡ್ಡಪ್ಪನ ಬಚ್ಚಲಮನೆಗೇ ಹೋಗುತ್ತಿದ್ದಳು. ಆಮೇಲೆ ದೊಡ್ಡಪ್ಪ ಹಿಂದಿನ ಖೋಲಿಯನ್ನು ಒಬ್ಬ ಓವರ್ಸಿಯರನಿಗೆ ಬಾಡಿಗೆಗೆ ಕೊಟ್ಟ. ರಸ್ತೆ ಕೆಲಸ ನೋಡುವವನು, ಎಲ್ಲಿಂದಲೋ ಬಂದವನು, ಒಬ್ಬನೇ ಇದ್ದ. ಬಚ್ಚಲಮನೆಯನ್ನು ಆ ಖೋಲಿಗೇ ಸೇರಿಸಿ ಕೊಟ್ಟರು. ಸಾಹೇಬರು ಮೀಯುವ ಜಾಗಕ್ಕೆ ಹೆಂಗಸರು ಬರಬೇಡಿ ಎಂದು ದೊಡ್ಡವ್ವ ನಮಗೆ ಹೇಳಿದಳು. ಅವಳು ಮಾತ್ರ ಅವನು ಹೊರಗೆ ಹೋದ ಮೇಲೆ ಅಲ್ಲೇ ಮೀಯುತ್ತಿದ್ದಳು.

ಅಂದಿನಿಂದ ಅವ್ವನ ಜಳಕ ಹಿತ್ತಲಿನ ಹಾಸುಗಲ್ಲಿನ ಮೇಲೆ. ಒಳಗೆ ಯಾಕೆ ಮೀಯಲಿಲ್ಲ ಎಂದು ಈಗಿನವರು ಕೇಳಬಹುದು. ಒಳಗೆ ಸಗಣಿ ಸಾರಿಸಿದ ಮಣ್ಣಿನ ನೆಲ, ಒಂದು ಕೊಡ ನೀರು ಬಿದ್ದರೆ ರಾಡಿ. ಕೊಟ್ಟಿಗೆಯಲ್ಲಿ ಎಮ್ಮೆ ಮತ್ತು ಅದರ ಗಂಜಳ. ಉಳಿದದ್ದು ಆ ಕಲ್ಲು. ಅದರ ಎದುರಿಗೆ ಹದಿನೈದು ಹೆಜ್ಜೆ ದೂರದಲ್ಲಿ ಸೊಂಟದೆತ್ತರದ ಕಟ್ಟೆ. ಕಟ್ಟೆಯ ಮೇಲೆ ಓವರ್ಸಿಯರ್. ಬೆಳಿಗ್ಗೆ ಎದ್ದವನೇ ಹಲ್ಲುಜ್ಜಲು ಅಲ್ಲಿ ಕೂಡುತ್ತಿದ್ದ. ಇದ್ದದ್ದು ಮೂವತ್ತೆರಡೇ ಹಲ್ಲು, ಉಜ್ಜುವುದು ಒಂದು ತಾಸು. ಏನೂ ಅನ್ನುತ್ತಿರಲಿಲ್ಲ, ಏನೂ ಮಾಡುತ್ತಿರಲಿಲ್ಲ. ಈ ಕಡೆ ಮುಖ ಮಾಡಿ ಕೂಡುತ್ತಿದ್ದ.

ಅವ್ವ ಅಪ್ಪನಿಗೆ ಹೇಳಿದಳು. ನಾವು ಮೂವರೂ ಊಟಕ್ಕೆ ಕುಳಿತಿದ್ದೆವು, ಜೋಳದ ರೊಟ್ಟಿ, ಹುರುಳಿ ಕಟ್ಟಿನ ಸಾರು.

"ಆ ಮನಶಾ ಅಲ್ಲೇ ಕುಂದರತಾನ್ರೀ. ನಾ ನೀರು ಹಾಕ್ಕೊಳ್ಳೂದ ಹೆಂಗ?"

"ಬೆಳಕ ಹರಿಯೂದ್ರಾಗ ಮುಗಿಸಿಬಿಡು."

"ಬೆಳಕ ಹರಿಯೂದ್ರಾಗ ಎಮ್ಮಿ ಹಿಂಡ್ಲೋ, ನಿಮಗ ಬುತ್ತಿ ಕಟ್ಲೋ, ಜಳಕಾ ಮಾಡ್ಲೋ? ಒಂದ ಕೆಲಸಾ ಹೇಳ್ರಿ."

"ಮತ್ತ ನಾ ಏನ ಮಾಡ್ಲಿ? ಅವನ ಕಣ್ಣಿಗಿ ಅರಬಿ ಕಟ್ಲ್ಯಾ?"

ಅಪ್ಪ ತನ್ನ ಮಾತಿಗೆ ತಾನೇ ನಕ್ಕ. ಅವ್ವ ನಗಲಿಲ್ಲ. ಮರುದಿನ ಅವಳೇ ಎರಡು ಗಳ ನಿಲ್ಲಿಸಿ, ನಡುವೆ ಗೋಣಿತಟ್ಟು ಕಟ್ಟಿದಳು. ಸಂಜೆ ದೊಡ್ಡಪ್ಪ ಕಟ್ಟೆಯ ಮೇಲೆ ನಿಂತು ಅಪ್ಪನಿಗೆ, 'ಮಾರ್ತ್ಯಾ, ಆಯಿ ಮಾತು ಇಷ್ಟ ಲಗೂನ ಮರತಿ?' ಎಂದ. ಅಷ್ಟೇ. ಅಪ್ಪ ಚಹಾದ ಕಪ್ಪು ಕೆಳಗಿಟ್ಟು ಹೋಗಿ ಎರಡೂ ಗಳ ಕಿತ್ತ. ಕಿತ್ತು, ಮಡಚಿ, ತಟ್ಟನ್ನು ಅವ್ವನ ಕಾಲ ಬಳಿ ತಂದಿಟ್ಟ.

ಅಲ್ಲಿಂದ ಮುಂದೆ ತಟ್ಟಿನ ಕೆಲಸ ನನಗೆ ಬಂತು. ಅವ್ವ ಕಲ್ಲಿನ ಮೇಲೆ ಕೂಡುವಳು. ನಾನು ಕಟ್ಟೆಗೆ ಬೆನ್ನು ಮಾಡಿ, ಹಳೆಯ ಸೀರೆಯೊಂದನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿಯುವೆ. ಕೈ ಸೋತು ಇಳಿದರೆ ಅವ್ವ 'ಏ, ಮ್ಯಾಲ' ಎನ್ನುವಳು. ಮಳೆಗಾಲದಲ್ಲಿ ಸೀರೆ ನೆನೆದು ಭಾರವಾಗುತ್ತಿತ್ತು. ಅದು ಮುಗಿಯುವಷ್ಟರಲ್ಲಿ ಸಾಲಿಯ ಗಂಟೆ ಹೊಡೆದಿರುತ್ತಿತ್ತು. ದಿನಾ ತಡವಾಗಿ ಹೋಗುವವಳಿಗೆ ಮಾಸ್ತರು ದಿನಾ ಕೈ ಚಾಚಲು ಹೇಳುತ್ತಿದ್ದರು. ಅದಾಗಲೇ ಸೋತ ಕೈ. ಯಾಕೆ ತಡ ಎಂದು ಕೇಳಿದರೆ ಏನು ಹೇಳುವುದು? ನಮ್ಮವ್ವ ಮೀಯುತ್ತಿದ್ದಳು ಎಂದು ಹುಡುಗರ ಮುಂದೆ ಹೇಳುವುದೇ? ಹೊಡೆಸಿಕೊಂಡು ಕೂಡುತ್ತಿದ್ದೆ.

ಗೋಡೆ ಇಲ್ಲ, ಬೇಲಿ ಇಲ್ಲ, ಮುಳ್ಳಿಲ್ಲ, ಗೋಣಿತಟ್ಟೂ ಇಲ್ಲ. ಹೂವಿನ ಗಿಡದ ಬಗ್ಗೆ ಮಾತ್ರ ಆಯಿ ಏನೂ ಹೇಳಿರಲಿಲ್ಲ. ಇದನ್ನು ಹುಡುಕಿ ತೆಗೆದವಳು ಅವ್ವ. ಬಾವನೊಂದಿಗೆ ನೇರ ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಅವ್ವ ಬಾಗಿಲ ಹಿಂದೆ ನಿಂತು ನನ್ನನ್ನು ಮುಂದೆ ನಿಲ್ಲಿಸಿದಳು. ದೊಡ್ಡಪ್ಪ ಮೂರು ಹೆಜ್ಜೆ ದೂರದಲ್ಲಿ ಕುಳಿತು ಎಲ್ಲ ಕೇಳಿಸಿಕೊಳ್ಳುತ್ತಿದ್ದರೂ ನಾನು ಮತ್ತೊಮ್ಮೆ ಹೇಳಬೇಕು.

"ತಾರೀ, ನಿಮ್ಮ ದೊಡ್ಡಪ್ಪಗ ಕೇಳು. ದೇವರಿಗಿ ಏರಸಾಕ ದಿನಾ ಹೂವಿಗಿ ಬ್ಯಾರೇದವರ ಮನಿಗಿ ಹೋಗೂದಾಗೇತಿ. ಹಿತ್ತಲದಾಗ ಒಂದ ಸಾಲು ಹೂವಿನ ಗಿಡಾ ಹಚ್ಚಲೇನು, ಕೇಳು."

ಕೇಳಿದೆ. ದೊಡ್ಡಪ್ಪ ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚಿದ.

"ದೇವರಿಗಿ ಹೂವು ಬ್ಯಾಡ ಅನ್ನಾಕ ನಾ ಯಾರು? ಹಚ್ಚಲಿ. ಆದ್ರ ಹೂವಿನ ಗಿಡಾ ಆಗಿರಬೇಕು ಮತ್ತ. ಕಂಟಿ ಗಿಂಟಿ ನಡ್ಯಾಂಗಿಲ್ಲ."

ಅವ್ವ ಅಂದು ಗೆದ್ದೆ ಅಂದುಕೊಂಡಳು. ದೇವರ ಹೆಸರು ಹೇಳಿದರೆ ಯಾರೂ ಬೇಡ ಅನ್ನುವುದಿಲ್ಲ ಎಂದು ಅಂದುಕೊಂಡಳು. ಬೇಡ ಎಂದು ಯಾರೂ ಅನ್ನಲಿಲ್ಲ, ಖರೆ.

ಯಾವ ಗಿಡ ಎಂದು ಮನೆಯಲ್ಲಿ ಜಗಳ ಶುರುವಾಯಿತು. ಅವ್ವ ಬೀಡಿ ಎಂಬ ಊರಿನ ಒಕ್ಕಲುತನದ ಮನೆಯಿಂದ ಬಂದವಳು, ಅವಳಿಗೆ ಗೊತ್ತಿದ್ದದ್ದು ಹೊಲದ ಗಿಡಗಳು. ಪುಂಡಿ ಹಾಕೋಣ ಎಂದಳು. ಆಳೆತ್ತರ ಬರುತ್ತದೆ, ಚಂದದ ಹಳದಿ ಹೂವು, ಎಲೆ ಪಲ್ಯಕ್ಕೂ ಆಯಿತು. ಅಪ್ಪ ಬೇಡ ಎಂದ. ಪುಂಡಿ ಒಣಗಿದರೆ ಕಟ್ಟಿಗೆ ನಿಲ್ಲುತ್ತದೆ, ಕಟ್ಟಿಗೆ ನಿಂತರೆ ಅಣ್ಣ ಅದನ್ನು ಬೇಲಿ ಎನ್ನುತ್ತಾನೆ. ಕಣಗಿಲೆ? ಎಮ್ಮೆ ಬಾಯಿ ಹಾಕಿದರೆ ಸಾಯುತ್ತದೆ. ದಾಸವಾಳ? ಆ ಕಲ್ಲಿನ ಮೇಲೆ ಅದು ಆಳೆತ್ತರವಾಗಲು ಎಷ್ಟು ವರ್ಷ ಬೇಕೋ. ಕೊನೆಗೆ ಅಪ್ಪ ಒಂದು ದಿನ ಕಾರ್ಖಾನೆಯಿಂದ ಬರುವಾಗ ಯಾರದೋ ಬಂಗಲೆಯ ಸೂರ್ಯಕಾಂತಿ ಬೀಜ ಒಂದು ಹಿಡಿ ತಂದ. ಗೆದ್ದವನ ಹಾಗೆ ಅವ್ವನ ಉಡಿಗೆ ಸುರಿದ.

"ಮೂರ ತಿಂಗಳದಾಗ ನನ್ನ ತಲಿ ಮ್ಯಾಲ ಹೋಗ್ತಾವ. ಹೂವಂದ್ರ ಗಂಗಾಳದಷ್ಟು. ಇನ್ನ ಮ್ಯಾಲ ಹೇಳಬ್ಯಾಡ, ಗಂಡ ಏನೂ ಮಾಡಲಿಲ್ಲ ಅಂತ."

ಬಿತ್ತಿದೆವು. ಅವನು ಹೇಳಿದ್ದು ಸುಳ್ಳಾಗಲಿಲ್ಲ. ಮಳೆ ಶುರುವಾದ ಮೇಲೆ ನೋಡನೋಡುತ್ತ ಎದೆಗೆ ಬಂದವು, ತಲೆಗೆ ಬಂದವು. ಹೂ ಬಿಟ್ಟವು. ಹೂವೆಲ್ಲ ಮೂಡಣಕ್ಕೆ ಮುಖ ಮಾಡಿದವು. ಮೂಡಣ ಅಂದರೆ ದೊಡ್ಡಪ್ಪನ ಕಟ್ಟೆ. ಚಂದವೆಲ್ಲ ಅವರ ಕಡೆ, ನಮಗೆ ಬರೀ ಹಸಿರು ಬೆನ್ನು. ದೊಡ್ಡವ್ವ ಕಟ್ಟೆಯಿಂದ ಇಳಿದು ತನಗೆ ಬೇಕಾದ ಹೂ ಕೊಯ್ದು ಹೋಗುವಳು. ಅವ್ವ ಅದಕ್ಕೆ ಹೊಟ್ಟೆ ಉರಿಸಿಕೊಳ್ಳಲಿಲ್ಲ. ಅವಳಿಗೆ ಹೂವು ಬೇಕಿರಲಿಲ್ಲ, ದಂಟು ಮತ್ತು ಎಲೆ ಬೇಕಾಗಿದ್ದವು. ನಾನು ಸೀರೆ ಹಿಡಿಯುವುದು ನಿಂತದ್ದು ಹನ್ನೆರಡು ದಿನ. ಹದಿಮೂರನೆಯ ದಿನ ಘಟ್ಟದ ಕಡೆಯಿಂದ ಗಾಳಿ ಎದ್ದಿತು. ನಮ್ಮೂರಿನ ಮಳೆ ನೋಡಿದವರಿಗೆ ಹೇಳಬೇಕಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಇಡೀ ಸಾಲು ಮಲಗಿತ್ತು. ಮುರಿದಿರಲಿಲ್ಲ, ಬುಡಸಮೇತ ಎದ್ದು ಮಲಗಿತ್ತು. ಬೇರು ನೋಡಿದೆ. ಕೆಳಗೆ ಹೋಗಲು ನೋಡಿ, ಕಲ್ಲಿಗೆ ಬಡಿದು, ಅಲ್ಲೇ ಡೊಂಕಾಗಿ ನಿಂತಿತ್ತು. ಅಷ್ಟು ದೊಡ್ಡ ತಲೆಗೆ ಅಂಗೈಯಗಲದ ಬೇರು.

ಓವರ್ಸಿಯರ್ ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಮಾತಾಡಿದ. ಅವನು ನಮ್ಮೊಂದಿಗೆ ಆಡಿದ ಮೊದಲ ಮಾತು ಅದು.

"ಛೇ, ಎಲ್ಲಾ ಬಿದ್ದುಹೋದುವಲ್ರೀ ಬಾಯಿ. ಪಾಪ."

ಅವ್ವ ನನಗೆ, ಒಳಗಿಂದ ಸೀರೆ ತಾ ಎಂದಳು.

ಮತ್ತೆ ಒಂದು ಚಳಿಗಾಲ, ಒಂದು ಬೇಸಿಗೆ ಸೀರೆ ಹಿಡಿದೆ. ಆ ಬೇಸಿಗೆಯ ಶುರುವಿನಲ್ಲೇ, ಹೋಳಿ ಕಳೆದ ಮೇಲೆ, ಅವ್ವ ನನ್ನನ್ನು ಕರೆದುಕೊಂಡು ರೈಲು ಹತ್ತಿ ಬೆಳಗಾವಿಗೆ ಹೊರಟಳು. ಅವಳ ತಮ್ಮ, ಭರಮಾ ಮಾಮಾ, ಅಲ್ಲಿಯ ಕ್ಯಾಂಪ್ ಭಾಗದ ಒಂದು ಬಂಗಲೆಯಲ್ಲಿ ಮಾಲಿಯಾಗಿದ್ದ. ಅಪ್ಪನಿಗೆ ತಮ್ಮನ ಮಗುವಿಗೆ ಮೈ ಹುಷಾರಿಲ್ಲ ಎಂದು ಹೇಳಿದ್ದಳು. ಸುಳ್ಳು. ಅಂಥ ತೋಟವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮಣ್ಣೇ ಕರಿ ಬೆಲ್ಲದ ಹಾಗಿತ್ತು. ಮಾಮಾ ನಮ್ಮನ್ನು ಹಿಂದಿನ ಗೇಟಿನಿಂದ ಒಳಗೆ ಬಿಟ್ಟು, ನೀರಿನ ಟಾಕಿಯ ನೆರಳಿಗೆ ಕೂಡಿಸಿದ. ಅವ್ವ ಎಲ್ಲವನ್ನೂ ಹೇಳಿದಳು. ಅಪ್ಪನಿಗೆ ಹೇಳುವಾಗ ಬರುತ್ತಿದ್ದ ಸಿಟ್ಟು ಅಂದು ಬರಲಿಲ್ಲ. ಅಂಗಡಿಯವನಿಗೆ ಬೇಕಾದ ಸಾಮಾನು ಹೇಳುವವರ ಹಾಗೆ ಹೇಳಿದಳು.

"ಮಣ್ಣು ಎಷ್ಟೈತಿ ಅಕ್ಕಾ?"

ಅವ್ವ ಗೇಣು ಅಗಲಿಸಿ ತೋರಿಸಿದಳು.

"ಅಷ್ಟರಾಗ ಸೂರ್ಯಕಾಂತಿ ಹಾಕಿದ್ರ್ಯಾ? ಮಾವಾರು ಹೂವಿನ ಮಾರಿ ನೋಡ್ಯಾರ, ಬುಡಾ ನೋಡಿಲ್ಲ." ಮಾವಾರು ಅಂದರೆ ನಮ್ಮಪ್ಪ.

"ನಿಮ್ಮ ಮಾವಾರು ಏನ ನೋಡ್ಯಾರೋ ಯಾರಿಗ್ಗೊತ್ತು. ನೀ ಹೇಳು, ಏನ ಹಚ್ಚಲಿ?"

ಮಾಮಾ ನಮ್ಮನ್ನು ತೋಟದ ತುಂಬ ತಿರುಗಿಸಿದ. ಡೇರೆ ಹೂ ತೋರಿಸಿ ಇದು ಬೇಡ ಎಂದ, ಅದಕ್ಕೆ ಮಣ್ಣೂ ಆಳ ಬೇಕು, ಕೋಲೂ ಊರಬೇಕು, ಕೋಲು ಊರಿದರೆ ನಿಮ್ಮ ಬಾವ ಮತ್ತೆ ಶುರು ಮಾಡುತ್ತಾನೆ. ಕಡೆಗೆ ಗೋಡೆಯ ಬದಿಗೆ, ನೀರು ಹರಿದು ಹೋಗುವಲ್ಲಿ ನಿಂತಿದ್ದ ಒಂದು ಗಿಡದ ಮುಂದೆ ನಿಲ್ಲಿಸಿದ. ಬಾಳೆಯ ಮರಿಯ ಹಾಗೆ ಅಗಲ ಎಲೆ, ತುದಿಯಲ್ಲಿ ಕೆಂಪು ಹೂವು, ಅವನ ತಲೆಗಿಂತ ಎತ್ತರ. ಕರ್ದಳಿ. ಪುಸ್ತಕದಲ್ಲಿ ಕಾಬಾಳೆ ಎನ್ನುತ್ತಾರಂತೆ. ಸಲಿಕೆ ಹಾಕಿ ಒಂದು ಬುಡ ಎತ್ತಿ ಅವ್ವನ ಮುಂದೆ ಹಾಕಿದ. ಅರಿಶಿನದ ಕೊಂಬಿನಂಥ ಗಡ್ಡೆ, ಒಂದಕ್ಕೊಂದು ಹೆಣೆದುಕೊಂಡಿತ್ತು. ಇಡೀ ಗಡ್ಡೆಯ ದಪ್ಪ ನನ್ನ ಗೇಣಿಗಿಂತ ಕಡಿಮೆ.

"ನೋಡು, ಇದು ಕೆಳಗ ಹೋಗೂದ ಇಲ್ಲ. ಬಾಜೂಕ ಹೋಗ್ತೈತಿ. ಬಾಜೂಕಿನ ಗಿಡದ ಗಡ್ಡಿ ಬಂದು ಇದನ್ನ ಹಿಡೀತೈತಿ. ಗಾಳಿ ಬಂದ್ರ ಎಲಿ ಹರದು ಚಿಂದಿ ಆಗ್ತಾವ ಖರೇ, ಗಿಡಾ ಬೀಳೂದಿಲ್ಲ. ನೀ ಜಳಕಾ ಮಾಡಿದ ನೀರು ಅದಕ್ಕ ಹರದು ಹೋಗೂ ಹಂಗ ಹಚ್ಚು, ಮತ್ತೇನೂ ಕೇಳೂದಿಲ್ಲ ಅದು."

"ಎಮ್ಮಿ ತಿಂದ್ರ?"

"ತಿನ್ನಲಿ. ಸಾಯೂದಿಲ್ಲ. ಗಿಡಾನೂ ಸಾಯೂದಿಲ್ಲ, ಎಮ್ಮೀನೂ ಸಾಯೂದಿಲ್ಲ."

ಗಿಡ್ಡ ಜಾತಿಯ ಕರ್ದಳಿಯೂ ಅಲ್ಲಿತ್ತು, ಹೂವು ದೊಡ್ಡದು, ಹಳದಿಯ ಮೇಲೆ ಚುಕ್ಕೆ. ನಾನು ಅದು ಬೇಕೆಂದೆ. ಅವ್ವ ನನ್ನ ತಲೆಗೆ ಒಂದು ಮೊಟಕಿದಳು. ಮಾಮಾ ಎರಡು ಗೋಣಿಚೀಲದ ತುಂಬ ಎತ್ತರದ ಜಾತಿಯ ಗಡ್ಡೆ ತುಂಬಿದ. ಹೇಗೂ ಎರಡು ವರ್ಷಕ್ಕೊಮ್ಮೆ ಕಿತ್ತು ಚೆಲ್ಲುವುದೇ ಅಂತೆ. ರೈಲಿನಲ್ಲಿ ಅವ್ವ ಒಂದು ಚೀಲದ ಮೇಲೆ ಕುಳಿತು, ಇನ್ನೊಂದರ ಮೇಲೆ ಕೈ ಇಟ್ಟುಕೊಂಡಿದ್ದಳು. ಊರು ಬರುವ ತನಕ ತೆಗೆದುಕೊಂಡು ಹೋದ ರೊಟ್ಟಿಯನ್ನೂ ಬಿಚ್ಚಲಿಲ್ಲ.

ಮೂರು ಸಾಲು ಹಚ್ಚಿದೆವು, ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಗಿಡ ಬರುವ ಹಾಗೆ. ಎಮ್ಮೆಯ ಸಗಣಿ ಹಾಕಿದೆವು. ಜಳಕದ ಕಲ್ಲಿನಿಂದ ಒಂದು ಕಾಲುವೆ ಕೊರೆದೆವು. ಮಾಮಾ ಹೇಳಿದ ಹಾಗೆಯೇ ಆಯಿತು. ಮೊದಲ ಮಳೆಗೆ ಮೊಣಕಾಲು, ಕಾರಹುಣ್ಣಿಮೆ ಕಳೆಯುವಷ್ಟರಲ್ಲಿ ಸೊಂಟ, ಶ್ರಾವಣ ಬರುವಷ್ಟರಲ್ಲಿ ಅಪ್ಪನ ತಲೆಯ ಮೇಲೆ ಒಂದು ಮೊಳ. ಗಾಳಿ ಬಂತು, ಎಲೆ ಹರಿದವು, ಗಿಡ ನಿಂತವು. ಈ ಕಡೆಯಿಂದ ಕಟ್ಟೆ ಕಾಣುತ್ತಿರಲಿಲ್ಲ. ಆ ಕಡೆಯಿಂದ ಕಲ್ಲು ಕಾಣುತ್ತಿರಲಿಲ್ಲ. ನಾನೇ ಕಟ್ಟೆ ಹತ್ತಿ ನೋಡಿ ಬಂದಿದ್ದೆ.

ಅವ್ವ ಬಿಸಿಲು ಬಿದ್ದ ಹೊತ್ತಿನಲ್ಲಿ, ಅವಸರವಿಲ್ಲದೆ, ಸೀಗೆಕಾಯಿ ಹಚ್ಚಿ ತಲೆಗೆ ನೀರು ಹಾಕಿಕೊಂಡದ್ದನ್ನು ನಾನು ಮೊದಲ ಸಲ ನೋಡಿದ್ದು ಆ ಶ್ರಾವಣದಲ್ಲಿ. ಕಲ್ಲಿನ ಮೇಲೆ ಸುಮ್ಮನೆ ಕೂಡುವಳು. ನೀರು ಮುಗಿದ ಮೇಲೂ ಕೂಡುವಳು. ನಾನು ಸಾಲಿಗೆ ಗಂಟೆಗೆ ಮೊದಲೇ ಹೋಗತೊಡಗಿದೆ. ಮಾಸ್ತರು, ಸೂರ್ಯ ಯಾವ ಕಡೆ ಹುಟ್ಟಿದ ಎಂದು ಕೇಳಿದರು. ದೊಡ್ಡವ್ವನಿಗೆ ಇದನ್ನು ಸಹಿಸಲಾಗಲಿಲ್ಲ.

"ಏನ ರುಕ್ಮೀ, ರಾಣ್ಯಾರ ಜಳಕಾ ನಡದಂಗ ಐತಿ! ಸಾಹೇಬ್ರು ಹೇಳಾಕತ್ತಿದ್ರು, ಕಟ್ಟಿಗಿ ಗಾಳೀನ ಬರೂದಿಲ್ಲ ಅಂತ."

"ಹೌದೇನ್ರಿ ಅಕ್ಕಾರ? ಗಾಳಿ ಬೇಕಂದ್ರ ಮುಂದಿನ ಬಾಗಿಲಿಗಿ ಕುಂದರಾಕ ಹೇಳ್ರಿ. ಅಲ್ಲಿ ಊರಗಾಳಿ ಬರ್ತೈತಿ."

ಅವ್ವನ ಬಾಯಿಂದ ಅಂಥ ಮಾತು ಬಂದದ್ದೂ ಆ ತಿಂಗಳೇ.

ಶ್ರಾವಣದ ಕೊನೆಯ ವಾರ ದೊಡ್ಡಪ್ಪನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡರು. ದೊಡ್ಡವ್ವನ ತವರಿನವರು ಸಾಂಬ್ರಾದಿಂದ ಬರುವವರಿದ್ದರು. ಪೂಜೆಯ ಪೀಠದ ನಾಲ್ಕು ಮೂಲೆಗೆ ಬಾಳೆಯ ಕಂಬ ಕಟ್ಟುತ್ತಾರೆ. ಬಾಳೆ ಸಿಗದಿದ್ದರೆ ನಮ್ಮ ಕಡೆ ಕರ್ದಳಿ ಕಟ್ಟುತ್ತಾರೆ, ಅದಕ್ಕೂ ದೇವರು ಒಪ್ಪುತ್ತಾನೆ. ಪೂಜೆಯ ಎರಡು ದಿನ ಮೊದಲೇ ಅವ್ವ ಹೊರಗಾಗಿದ್ದಳು. ಹೊರಗಾದರೆ ಮೂರು ದಿನ ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕದಲ್ಲಿ ಕೂಡಬೇಕು. ಯಾರನ್ನೂ ಮುಟ್ಟುವಂತಿಲ್ಲ, ಬಾವಿ ಮುಟ್ಟುವಂತಿಲ್ಲ, ಒಲೆ ಮುಟ್ಟುವಂತಿಲ್ಲ. ನಾಲ್ಕನೆಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡ ಮೇಲೆಯೇ ಒಳಗೆ. ಅಡುಗೆ ನಾನು ಮಾಡುತ್ತಿದ್ದೆ, ತಟ್ಟೆಯನ್ನು ದೂರದಿಂದ ಸರಿಸುತ್ತಿದ್ದೆ.

ಪೂಜೆಯ ದಿನ ಬೆಳಿಗ್ಗೆ ದೊಡ್ಡಪ್ಪ ಕಟ್ಟೆಯ ಮೇಲೆ ಬಂದು ನಿಂತ.

"ಮಾರ್ತ್ಯಾ, ನಿಮ್ಮ ಕರ್ದಳಿ ನಾಲ್ಕ ಕೊಡಪಾ, ದೇವರ ಮಂಟಪಕ್ಕ."

ನಾಲ್ಕು. ನನ್ನ ಕಿವಿಯಿಂದ ಕೇಳಿದ್ದೇನೆ. ದೊಡ್ಡಪ್ಪನನ್ನು ನಾನು ಜೀವನವಿಡೀ ಬೈದಿದ್ದೇನೆ, ಆದರೆ ಅವನು ಕೇಳಿದ್ದು ನಾಲ್ಕೇ. ಅಪ್ಪ ಅಂದು ಜಳಕ ಮಾಡಿ ಮಡಿ ಉಟ್ಟಿದ್ದ. ಅಣ್ಣ ಹೆಸರು ಹಿಡಿದು ಕರೆದು ಒಂದು ವಸ್ತು ಕೇಳಿದ್ದು ಎಷ್ಟು ವರ್ಷಕ್ಕೋ. ಅಣ್ಣನಿಗೆ ಬೇಕಾದ್ದು ಏನಾದರೂ ತನ್ನ ಬಳಿ ಇರಬಹುದೆಂದು ಅವನು ಅಂದುಕೊಂಡಿರಲೇ ಇಲ್ಲ. ಮುಖ ಅರಳಿತು. ಕುಡುಗೋಲು ತಂದ.

"ನಾಲ್ಕ ಯಾಕ ಅಣ್ಣಾ? ಬಾಗಿಲಿಗೂ ಕಟ್ಟೂಣು. ಹಂದರಕ್ಕೂ ಕಟ್ಟೂಣು. ಸಾಂಬ್ರಾದವ್ರು ನೋಡಲಿ."

ಮೊದಲ ಸಾಲಿಗೆ ಕುಡುಗೋಲು ಹಾಕಿದ. ನೀರು ತುಂಬಿದ ದಂಟು, ಒಂದೇ ಎಳೆತಕ್ಕೆ ಕಚಕ್ ಎಂದು ಬರುತ್ತಿತ್ತು. ಅವ್ವ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಳು. ಅದಕ್ಕಿಂತ ಮುಂದೆ ಬರುವಂತಿರಲಿಲ್ಲ. ಮಡಿ ಉಟ್ಟವನನ್ನು ಮುಟ್ಟುವಂತೂ ಇರಲಿಲ್ಲ.

"ನಾಲ್ಕ ಕೇಳ್ಯಾರ್ರೀ! ನಾಲ್ಕ ಕೊಡ್ರಿ!"

"ನೀ ಒಳಗ ಕುಂದರು. ಹೊರಗಾದಾಕಿ ನೋಡಬಾರ್ದು."

"ನಾಳೆ ನಾ ಎಲ್ಲಿ ಜಳಕಾ ಮಾಡ್ಲಿ? ನಿಮ್ಮ ಕಾಲ ಬೀಳ್ತೀನಿ, ಹಿಂದಿನ ಸಾಲರೆ ಬಿಡ್ರಿ."

"ದೇವರಿಗಿ ಅಂತ ಹಚ್ಚಿದಾಕಿ ನೀನ ಅಲ್ಲೇನು? ದೇವರಿಗಿ ಯಾರರೆ ಎಣಿಸಿ ಕೊಡ್ತಾರ? ಗಡ್ಡಿ ಐತಿ, ಮತ್ತ ಬರ್ತಾವ."

ನಾನು ಓಡಿ ಹೋಗಿ ಅವನ ಕೈ ಹಿಡಿದೆ. ಅವನು ನನ್ನನ್ನು ಒಂದು ಕೈಯಿಂದ ಆಚೆ ಸರಿಸಿದ, ಸಿಟ್ಟಿನಿಂದಲ್ಲ, ನಡುವೆ ಬಂದ ಕೋಳಿಯನ್ನು ಸರಿಸುವ ಹಾಗೆ. ಮೂರೂ ಸಾಲು ಕೊಯ್ದ. ಕಟ್ಟೆಯ ಮೇಲಿಂದ ಓವರ್ಸಿಯರ್ ಕೆಳಗಿಳಿದು ಬಂದು, ಹೊರೆ ಎತ್ತಲು ಕೈ ಹಚ್ಚಿದ. ಅವ್ವ ಕೊಟ್ಟಿಗೆಯ ಬಾಗಿಲು ಮುಂದೆ ಮಾಡಿಕೊಂಡಳು. ಸಂಜೆ ದೊಡ್ಡಪ್ಪನ ಮನೆ ಮದುವೆಯ ಮನೆಯ ಹಾಗೆ ಕಂಡಿತು. ಬಾಗಿಲ ತುಂಬ ಕೆಂಪು ಹೂವು. ಯಾರೋ ಹೊಗಳಿದ್ದಕ್ಕೆ ಅಪ್ಪ, 'ನಮ್ಮ ಹಿತ್ತಲದ್ದು' ಎಂದು ಹೇಳುತ್ತಿದ್ದುದನ್ನು ಕೇಳಿದೆ. ನನಗೆ ಪ್ರಸಾದದ ಸಜ್ಜಿಗೆ ಕೊಟ್ಟರು. ತಂದು ಎಮ್ಮೆಯ ಮುಂದೆ ಇಟ್ಟೆ.

ಸಾಂಬ್ರಾದ ಗಂಡಸರು ಆ ರಾತ್ರಿ ಕಟ್ಟೆಯ ಮೇಲೆಯೇ ಕಂದೀಲು ಹಚ್ಚಿಟ್ಟು ಮಲಗಿದರು. ಹಾಗಾಗಿ ಅವ್ವನಿಗೆ ಕತ್ತಲಲ್ಲಿಯೂ ಹೊರಗೆ ಬರಲು ಆಗಲಿಲ್ಲ.

ಮರುದಿನ ಬೆಳಿಗ್ಗೆ ನಾನು ಎದ್ದು ಹೊರಗೆ ಬಂದಾಗ ಬಿಸಿಲು ಬಿದ್ದಿತ್ತು. ಕಟ್ಟೆಯ ಮೇಲೆ ಸಾಂಬ್ರಾದ ಇಬ್ಬರು, ದೊಡ್ಡಪ್ಪ, ಓವರ್ಸಿಯರ್, ಎಲ್ಲರ ಕೈಯಲ್ಲಿ ಚಹಾ. ಈ ಕಡೆ ಗೇಣೆತ್ತರದ ಮೋಟು ದಂಟುಗಳು, ಕೊಯ್ದಲ್ಲಿ ನೀರು ಜಿನುಗುತ್ತಿತ್ತು. ಅವ್ವ ಕಂಕುಳಲ್ಲಿ ಸೀರೆ ಇಟ್ಟುಕೊಂಡು ಕೊಟ್ಟಿಗೆಯಿಂದ ಹೊರಬಂದಳು. ಕಲ್ಲು ನೋಡಿದಳು, ಕಟ್ಟೆ ನೋಡಿದಳು, ತಿರುಗಿ ಒಳಗೆ ಹೋದಳು. ಅಪ್ಪ ನಮ್ಮ ಬಾಗಿಲಲ್ಲಿ ನಿಂತು, ಅವರು ಮಧ್ಯಾಹ್ನದ ಗಾಡಿಗೆ ಹೋಗುತ್ತಾರೆ, ಅಲ್ಲಿ ತನಕ ಕೂಡು ಎಂದ. ನಾನು ಕಟ್ಟೆ ಹತ್ತಿದೆ. ಬಚ್ಚಲಮನೆಯ ಕದ ತೆರೆದು ನೋಡಿದೆ. ಬೀಗರಿಗೆಂದು ಹಂಡೆಯ ತುಂಬ ನೀರು ಕಾದು ಹಬೆಯಾಡುತ್ತಿತ್ತು. ಇಳಿದು ಬಂದು ಕೊಟ್ಟಿಗೆಗೆ ಹೋಗಿ ಅವ್ವನ ಕೈ ಹಿಡಿದೆ. ಬೇಕೆಂದೇ ಹಿಡಿದೆ.

ಅವಳು ನನ್ನ ಕೆನ್ನೆಗೆ ಬಾರಿಸಿದಳು.

"ಮುಟ್ಟಿದ್ಯಲ್ಲ, ಹುಚ್ಚಮುಂಡೇದ! ಈಗ ನೀನೂ ಜಳಕಾ ಮಾಡಬೇಕು!"

"ಹೌದವ್ವ. ಇಬ್ರೂ ಮಾಡಬೇಕು. ನಡಿ."

ಬಿಡಲಿಲ್ಲ. ಕಟ್ಟೆಯ ಮೆಟ್ಟಿಲ ತನಕ ಎಳೆದುಕೊಂಡು ಬಂದೆ. ಅಲ್ಲಿಂದ ಮುಂದೆ ಎಳೆಯಬೇಕಾಗಲಿಲ್ಲ. ಗಂಡಸರು ಚಹಾದ ಬಸಿ ಹಿಡಿದುಕೊಂಡೇ ಎದ್ದು ಗೋಡೆಗೆ ಸರಿದರು, ಎಲ್ಲಿ ಸೆರಗು ತಾಗುತ್ತದೋ ಎಂದು. ಓವರ್ಸಿಯರ್ ಮೊದಲ ಸಲ ಆಚೆ ಮುಖ ಮಾಡಿದ. ದೊಡ್ಡವ್ವ ಒಳಗಿನಿಂದ ಓಡಿ ಬಂದಳು.

"ತಾರೀ! ಕಳಸಾ ಇನ್ನೂ ಕದಲಿಸಿಲ್ಲ! ಪೂಜಿ ಆದ ಮನಿಯಾಗ ಹೊರಗಾದಾಕೀನ್ನ ಕರಕೊಂಡ ಬರ್ತಿ?"

"ನಮ್ಮ ಬಚ್ಚಲಾ ನಿಮ್ಮ ಹಂದರದಾಗ ಕಟ್ಟೀರಿ ದೊಡ್ಡವ್ವ. ಎಲ್ಲಿ ಮಾಡೂಣು ಜಳಕ?"

"ಮಾರ್ತ್ಯಾ!" ಎಂದು ದೊಡ್ಡಪ್ಪ ಕೂಗಿದ. ಅಪ್ಪ ಮೋಟು ದಂಟುಗಳ ನಡುವೆ ಬಂದು ನಿಂತಿದ್ದ. ತಾರೀ, ಇಳಿ ಕೆಳಗ, ಎಂದ. ಇನ್ನೊಮ್ಮೆ ಎಂದ. ಅವ್ವ ಅವನ ಕಡೆ ನೋಡದೆ ಒಳಗೆ ಹೋಗಿ ಅಗಳಿ ಹಾಕಿದಳು. ಮೊದಲ ಚಂಬು ನೀರು ಕಲ್ಲಿನ ಮೇಲೆ ಬಿದ್ದ ಸಪ್ಪಳ ಕೇಳಿತು. ನಾನು ಆ ಕದಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ, ಅವರೆಲ್ಲರ ಕಡೆ ಮುಖ ಮಾಡಿ ಕುಳಿತೆ. ಒಳಗೆ ಹಂಡೆ ಬರಿದಾಗುವ ತನಕ ಏಳಲಿಲ್ಲ.